ಕೋಣನ ದಾರಿ

"ಕೋಣನ ಊರಿಗಾ? ಬೈಪಾಸ್ ಆಗಿರೋರನ್ನ ಯಾರಾದ್ರೂ ಕೋಣನ ಹತ್ರ ಕಳಿಸ್ತಾರೇನಪ್ಪಾ?"

ವಸಂತಾ ಫೋನಿನಲ್ಲಿ ರೇಗಿದ್ದು ಹರ್ನ್‌ಡನ್ನಿನ ಟ್ರಾವೆಲ್ ಏಜೆಂಟ್ ಗೋಪಿನಾಥನ ಮೇಲೆ.

"ಆಂಟೀ, ಅದು ಕೋನಾ. ಹವಾಯಿನಲ್ಲಿ ತುಂಬಾ ಜನ ಅಲ್ಲಿಗೇ ಹೋಗೋದು. ಬೀಚು, ಬಿಸಿಲು..."

"ಇಂಗ್ಲಿಷಲ್ಲಿ ಎರಡೂ ಒಂದೇ ತರ ತಾನೇ ಬರಿಯೋದು? ಯಮ ಅದರ ಮೇಲೇ ಕೂತ್ಕೊಂಡು ಬರೋದು. ಬೇರೆ ಕಡೆ ಬುಕ್ ಮಾಡು."

ಹೀಗಾಗಿ ಅಮೆರಿಕದ ಪೂರ್ವ ತೀರದ ಡರ್ಹಮ್‌ನ ಈ ದಂಪತಿ ಬಂದಿಳಿದದ್ದು ಅದೇ ಜ್ವಾಲಾಮುಖಿ ದ್ವೀಪದ ಇನ್ನೊಂದು ಮಗ್ಗುಲಿಗೆ, ಹಿಲೋಗೆ. ಅಲ್ಲಿ ಮಳೆ ಜಾಸ್ತಿ, ಜನ ಕಡಿಮೆ.

ಗಂಡ ತ್ಯಾಗರಾಜರಿಗೆ ಎಲ್ಲಿಳಿದರೂ ಒಂದೇ. ೧೯೯೬ರ ಚಳಿಗಾಲದಲ್ಲಿ ಆಪರೇಷನ್ ಆದಾಗಿನಿಂದ ಅವರು ಮನೆಯ ಮೇಲ್‌ಬಾಕ್ಸ್ ದಾಟಿ ನಡೆದಿರಲಿಲ್ಲ, ಸ್ಟಿಯರಿಂಗ್ ಮುಟ್ಟಿರಲಿಲ್ಲ. ಎಲ್ಲ ಸರಿಯಾಗಿದೆ, ಇನ್ನು ನಡೆಯಿರಿ ಎಂದು ಡಾಕ್ಟರು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು. ಉಳಿದು ಬಂದ ಗಂಡ ಹೀಗೆ ಕೂತಲ್ಲೇ ಮುಗಿದುಹೋದರೆ ಎಂಬ ಭಯ ವಸಂತಾಗೆ. ಅದಕ್ಕೇ ಈ ಪ್ರಯಾಣ.

ಮರುದಿನ ಬೆಳಿಗ್ಗೆ ಅವಳೇ ಡ್ರೈವ್ ಮಾಡಿಕೊಂಡು ಗುಡ್ಡದ ಮೇಲಿನ ಒಂದು ಜಲಪಾತಕ್ಕೆ ಬಂದಳು. ಬೇರೆ ಒಂದು ಕಾರೂ ಇರಲಿಲ್ಲ. "ನೀನು ನೋಡ್ಕೊಂಡು ಬಾ. ಮೆಟ್ಟಿಲು ನಂಗಾಗಲ್ಲ" ಎಂದು ತ್ಯಾಗರಾಜರು ಸೀಟು ಹಿಂದಕ್ಕೆ ಸರಿಸಿ ಒರಗಿದರು. ಹೋದವಳು ತಕ್ಷಣವೇ ವಾಪಸಾದಳು.

"ರೀ, ಆ ಬಂಡೆ ತನಕ ಬನ್ನಿ ಸಾಕು."

ಗೊಣಗುತ್ತ ಇಳಿದರು. ಯಾವ ಕಾಲದಲ್ಲೋ ಬೆಂಕಿಯಾಗಿ ಹರಿದು ಬಂದು ಗಟ್ಟಿಯಾದ ಕರೀ ಬಂಡೆ ಅದು. ನಟ್ಟನಡುವೆ ಬಿರಿದಿತ್ತು. ಬಿರುಕಿನಲ್ಲಿ ಜರೀಗಿಡ ಸೊಂಪಾಗಿ ಬೆಳೆದಿತ್ತು.

"ನೋಡಿ. ಎದೆ ಸೀಳಿದ ಮೇಲೂ ಬದುಕಿರೋರು ನೀವೊಬ್ಬರೇ ಅಲ್ಲ."

ತ್ಯಾಗರಾಜರು ಜೋರಾಗಿ ನಕ್ಕುಬಿಟ್ಟರು. ನಕ್ಕ ಮೇಲೆ ಅಭ್ಯಾಸಬಲದಿಂದ ಕೈ ಎದೆಗೆ ಹೋಯಿತು. ನೋವಿರಲಿಲ್ಲ. ಈ ನಗು ಕೇಳಿ ಎಷ್ಟು ದಿನವಾಗಿತ್ತೋ, ವಸಂತಾಗೆ ಅಳುವೇ ಬಂತು. ಕೆಳಗಿನಿಂದ ನೀರಿನ ಸದ್ದು ಕೇಳುತ್ತಿತ್ತು.

"ಇನ್ನೆಷ್ಟು ದೂರ?"

"ನಂಗೇನು ಗೊತ್ತು? ನಾನೂ ನೋಡಿಲ್ವಲ್ಲ."

ಕಂಬಿ ಹಿಡಿದು, ತಿರುವು ಸಿಕ್ಕಲ್ಲೆಲ್ಲ ನಿಂತು, ಇಬ್ಬರೂ ಇಳಿದರು. ಜಲಪಾತದ ತುಂತುರು ಕನ್ನಡಕದ ಮೇಲೆ ಬಿದ್ದರೂ ತ್ಯಾಗರಾಜರು ಒರೆಸಿಕೊಳ್ಳಲಿಲ್ಲ. ಹತ್ತಿ ಬರುವಾಗ ಏದುಸಿರು ಬಿಟ್ಟವಳು ವಸಂತಾ.

ಕಾರಿನ ಹತ್ತಿರ ಅವರು ಕೈ ಚಾಚಿದರು. "ಕೀ ಕೊಡು."

ಅವಳು ಒಂದು ಗಳಿಗೆ ಕೀಯನ್ನು ಬಿಗಿಹಿಡಿದಳು. ಆಮೇಲೆ ಕೊಟ್ಟಳು.

ನಿಧಾನವಾಗಿ ಗುಡ್ಡ ಇಳಿದು ಹೆದ್ದಾರಿ ಕೂಡುವಲ್ಲಿ ತ್ಯಾಗರಾಜರು ಕಾರು ನಿಲ್ಲಿಸಿದರು. ಬೋರ್ಡಿನಲ್ಲಿ ಬಲಕ್ಕೆ ಹಿಲೋ, ಎಡಕ್ಕೆ ಕೋನಾ ಎಂದಿತ್ತು. ಅವರು ಹೆಂಡತಿಯ ಮುಖ ನೋಡಿದರು.

ವಸಂತಾ ಬೋರ್ಡನ್ನು ಓದಿದಳು. "ಏನ್ರೀ, ಕೋಣನ ಸವಾರಿ ಬರುತ್ತಾ ನಿಮಗೆ?"

"ಯಮಂಗೇ ಬರುತ್ತಂತೆ, ನಂಗೆ ಬರಲ್ವಾ?"

ಅವಳು ಸೀಟ್‌ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿಕೊಂಡಳು. ಒದ್ದೆ ರಸ್ತೆ ಖಾಲಿಯಾಗಿತ್ತು. ಕಾರಿನೊಳಗೆ ಎಡಗಡೆಯ ಸಿಗ್ನಲ್ ಟಿಕ್ ಟಿಕ್ ಎನ್ನತೊಡಗಿತು.