ಕೆಂಪು ಅಂಕಿಯ ಮೇಲೆ ಹೊರಿಸಿದ್ದು

ನಾಗಭೂಷಣ್ ಮೇಷ್ಟ್ರು ಮೂವತ್ತೊಂದು ವರ್ಷ ಓಡಿಸಿದ್ದು ಒಂದೇ ಬಗೆಯ ಬೈಕು. ಅದಕ್ಕೆ ನಾಲ್ಕು ಗೇರು, ನಾಲ್ಕನ್ನೂ ಪಾದದ ಮುಂಭಾಗದಿಂದ ಕೆಳಕ್ಕೆ ಒತ್ತಿ ಹಾಕಬೇಕು. ಇಳಿಸಲು ಹಿಮ್ಮಡಿಯಿಂದ ಒತ್ತಬೇಕು. ಆರ್‌ಪಿಸಿ ಲೇಔಟಿನ ಮನೆಯಿಂದ ವಿಜಯನಗರದ ಹೈಸ್ಕೂಲಿಗೆ ಗಣಿತ ಕಲಿಸಲು ಹೋಗುವಾಗ ತಾನು ಯಾವ ಗೇರಿನಲ್ಲಿದ್ದೇನೆಂದು ಅವರು ಒಂದು ದಿನವೂ ಯೋಚಿಸಿದವರಲ್ಲ. ಇಂಜಿನ್ನಿನ ಸದ್ದಿಗೆ ಎಡಗಾಲು ತಾನೇ ಕೆಲಸ ಮಾಡುತ್ತಿತ್ತು.

ಮಗಳು ವಚನಾಳದ್ದು ಐದು ಗೇರಿನ ಹೊಸ ಬೈಕು. ಅದರಲ್ಲಿ ಮೊದಲನೆಯದು ಮಾತ್ರ ಕೆಳಕ್ಕೆ. ಉಳಿದ ನಾಲ್ಕನ್ನು ಕಾಲ್ಬೆರಳು ಅಡಿಗೆ ತೂರಿಸಿ ಮೇಲಕ್ಕೆತ್ತಬೇಕು. ಅವಳು ಅದಕ್ಕೊಂದು ಗೇರ್ ಇಂಡಿಕೇಟರ್ ಹಾಕಿಸಿಕೊಂಡಿದ್ದಳು. ಮೀಟರಿನ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಕೆಂಪು ಅಂಕಿ. ಹಾಕಿದವನು ರುದ್ರೇಶ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಅಂಚಿನಲ್ಲಿ ಅವನ ಗ್ಯಾರೇಜು. ಹನ್ನೊಂದು ವರ್ಷದಿಂದ ಮೇಷ್ಟ್ರ ಬೈಕನ್ನೂ ಅವನೇ ನೋಡಿಕೊಳ್ಳುತ್ತಿದ್ದ.

"ಗೇರ್ ಎಷ್ಟು ಅಂತ ಓದ್ಕೊಂಡು ಗಾಡಿ ಓಡಿಸ್ತಾರೇನಮ್ಮ? ಕಿವಿ ಯಾಕಿದೆ?" ಎಂದಿದ್ದರು ಮೇಷ್ಟ್ರು.

"ನಿಮ್ಮಂಥ ಕಿವಿ ನನಗಿಲ್ಲ ಅಪ್ಪಾಜಿ. ಐದರಲ್ಲೇ ಇದ್ರೂ ಆರನೇದು ಹುಡುಕ್ತಾ ಇರ್ತೀನಿ," ಎಂದು ಅವಳು ನಕ್ಕಿದ್ದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಮಲ್ಲತ್ತಹಳ್ಳಿಯಲ್ಲಿ ನೆಂಟರ ಗೃಹಪ್ರವೇಶವಿತ್ತು. ಮೇಷ್ಟ್ರ ಅಕ್ಕ ಕಲ್ಯಾಣಮ್ಮ ಅದಕ್ಕೆಂದು ನಲವತ್ತು ಜೋಳದ ರೊಟ್ಟಿ ತಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ದಾವಣಗೆರೆಯಿಂದ ಬಂದು ತಮ್ಮನ ಮನೆಯಲ್ಲೇ ಉಳಿದವರು. ತಾಯಿಯಿಲ್ಲದ ವಚನಾಳನ್ನು ಬೆಳೆಸಿದವರೂ ಅವರೇ. ಅವರ ರೊಟ್ಟಿ ಬೇಕೆಂದು ಬಸವೇಶ್ವರನಗರದಿಂದಲೂ ಜನ ಬರುತ್ತಿದ್ದರು. ಅಂದು ಮೇಷ್ಟ್ರ ಬೈಕು ಚೈನು ಬದಲಿಸಲು ರುದ್ರೇಶನ ಗ್ಯಾರೇಜಿನಲ್ಲಿತ್ತು. ವಚನಾ ಮೆಟ್ರೋದಲ್ಲಿ ಆಫೀಸಿಗೆ ಹೋಗಿದ್ದಳು. ಆಟೋ ಹಿಡಿಯೋಣ ಎಂದರು ಕಲ್ಯಾಣಮ್ಮ. ಮನೆ ಮುಂದೆ ಗಾಡಿ ನಿಂತಿರುವಾಗ ಆಟೋ ಯಾಕೆ ಎಂದು ಮೇಷ್ಟ್ರು ಮಗಳ ಬೈಕಿನ ಕೀ ತೆಗೆದುಕೊಂಡರು.

ಹೊರಡುವಾಗ ಅವರಿಗೆ ಎಚ್ಚರವಿತ್ತು. ಒಂದು ಕೆಳಗೆ, ಉಳಿದದ್ದು ಮೇಲೆ ಎಂದು ಪಾಠ ಒಪ್ಪಿಸುವವರಂತೆ ಹೇಳಿಕೊಂಡೇ ನಾಗರಬಾವಿಯವರೆಗೆ ಬಂದರು. ಆಮೇಲೆ ಅಕ್ಕ ಹಿಂದಿನಿಂದ ಊರಿನ ಯಾವುದೋ ಸುದ್ದಿ ತೆಗೆದರು, ಮೇಷ್ಟ್ರು ಉತ್ತರ ಕೊಡುತ್ತಾ ಹೋದರು. ಇಳಿಜಾರು ರಸ್ತೆ, ಬೈಕು ಮೂರನೇ ಗೇರಿನಲ್ಲಿತ್ತು. ನಾಲ್ಕಕ್ಕೆ ಹಾಕಲು ಅವರ ಕಾಲು, ಮೂವತ್ತೊಂದು ವರ್ಷ ಮಾಡಿದಂತೆಯೇ, ಮುಂದಕ್ಕೆ ಒತ್ತಿತು. ಇಂಜಿನ್ನು ಒಮ್ಮೆಲೇ ಅರಚಿತು. ಪೆಟ್ಟಿಗೆಯಲ್ಲಿ ಮೂರು ಹೋಗಿ ಎರಡು ಬಂದದ್ದನ್ನು ಅವರು ಕಣ್ಣಾರೆ ಕಂಡರು. ಕಂಡೂ, ಗೇರು ಸರಿಯಾಗಿ ಬಿದ್ದಿಲ್ಲವೆಂದುಕೊಂಡು ಇನ್ನೊಮ್ಮೆ ಬಲವಾಗಿ ಒತ್ತಿದರು.

ಹಿಂದಿನ ಚಕ್ರ ಕಚ್ಚಿಕೊಂಡು ಬೈಕು ಪಕ್ಕಕ್ಕೆ ಜಾರಿತು. ಒಂದು ಬದಿಗೆ ಕಾಲು ಹಾಕಿ, ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ ಕಲ್ಯಾಣಮ್ಮ ರಸ್ತೆಗೆ ಬಿದ್ದರು. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟು ಎರಡು ಕಡೆ ಮುರಿಯಿತು. ಮೇಷ್ಟ್ರಿಗೆ ಮೊಣಕಾಲು ತರಚಿದ್ದಷ್ಟೇ.

ಆಸ್ಪತ್ರೆಗೆ ಓಡಿಬಂದ ವಚನಾ, "ಏನಾಯ್ತು ಅಪ್ಪಾಜಿ?" ಎಂದು ಕೇಳಿದಳು.

ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಅವಳೂ ಬೈಯುತ್ತಿರಲಿಲ್ಲ. ಆದರೆ ಕಿವಿಯ ಬಗ್ಗೆ ಅಷ್ಟು ಮಾತಾಡಿದ್ದ ಮನುಷ್ಯನ ಬಾಯಿಂದ ಬೇರೆಯದೇ ಬಂತು. "ನಿನ್ನ ಆ ಇಂಡಿಕೇಟರು ತಪ್ಪು ತೋರಿಸ್ತಮ್ಮ. ಐದನೇ ಗೇರಲ್ಲಿದ್ದೀನಿ ಅನ್ನೋ ಹಾಗೆ ತೋರಿಸ್ತು. ಅದನ್ನ ನಂಬಿ ನಾನು ಗೇರ್ ಇಳಿಸೋಕೆ ಹೋದೆ."

ವಚನಾ ತಂದೆಯ ಮಾತನ್ನು ಎಂದೂ ಅನುಮಾನಿಸಿದವಳಲ್ಲ. ಅಂದೇ ಸಂಜೆ ರುದ್ರೇಶನ ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಎದುರೇ ಅವನನ್ನು ತರಾಟೆಗೆ ತೆಗೆದುಕೊಂಡಳು. ಬೈಕನ್ನು ಅಲ್ಲೇ ಬಿಟ್ಟು, ಆ ಪೆಟ್ಟಿಗೆ ಕಿತ್ತುಹಾಕಲು ಹೇಳಿದಳು. ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಅವನ ಹೆಸರು ಬರೆದು, ಕೆಟ್ಟ ವೈರಿಂಗಿನಿಂದ ತನ್ನ ಅತ್ತೆಯ ಕೈ ಮುರಿಯಿತು, ಯಾರೂ ಅಲ್ಲಿಗೆ ಹೋಗಬೇಡಿ ಎಂದು ಹಾಕಿದಳು. ಗುಂಪಿನಲ್ಲಿ ಮುನ್ನೂರು ಮನೆಗಳಿದ್ದವು.

ಹತ್ತು ದಿನದ ಮೇಲೆ ರುದ್ರೇಶ ಮನೆಗೇ ಬಂದ. ಕೈಯಲ್ಲಿ ನಾಲ್ಕು ಎಳನೀರು. ಕಲ್ಯಾಣಮ್ಮ ಕೈಗೆ ಕಟ್ಟು ಹಾಕಿಸಿಕೊಂಡು ದಿವಾನದ ಮೇಲೆ ಕೂತಿದ್ದರು. ಮೇಷ್ಟ್ರು ಪೇಪರು ಹಿಡಿದಿದ್ದರು.

"ಅಮ್ಮ, ತಪ್ಪಾಯ್ತು," ಎಂದ ಅವನು. "ಬೇಕು ಅಂತ ಮಾಡಿದ್ದಲ್ಲ."

"ನನ್ನ ಕೈ ಹೋತಪ್ಪ," ಎಂದರು ಕಲ್ಯಾಣಮ್ಮ, ಅವನ ಮುಖ ನೋಡದೆ. "ಮೊದಲಿನಂಗೆ ರೊಟ್ಟಿ ತಟ್ಟೋಕಾಗಲ್ಲ ಅಂದಾರ ಡಾಕ್ಟ್ರು. ನಿನ್ನ ಎಳನೀರು ಬ್ಯಾಡ, ತಗೊಂಡು ಹೋಗು."

ಅವನು ಎತ್ತಿಕೊಂಡು ಹೊರಟ. ಮೇಷ್ಟ್ರು ಗೇಟಿನವರೆಗೆ ಹೋದರು. ಅಲ್ಲಿ ರುದ್ರೇಶ ನಿಂತು ದನಿ ತಗ್ಗಿಸಿ ಹೇಳಿದ: "ಸಾರ್, ಆ ಪೆಟ್ಟಿಗೆ ಬಿಚ್ಚಿ ನೋಡಿದೆ. ಮೂವತ್ತು ಸಲ ಗೇರ್ ಹಾಕಿ ತೆಗೆದು ನೋಡಿದೆ. ಒಂದು ಸಲಾನೂ ತಪ್ಪು ತೋರಿಸ್ಲಿಲ್ಲ. ಆದ್ರೂ ನನಗೆ ಸಮಾಧಾನ ಇಲ್ಲ. ವೈರ್ ಬೆಸೆದು ಸೋಲ್ಡರ್ ಮಾಡಿದ್ದು ನಾನೇ ಅಲ್ವಾ. ಆವತ್ತೊಂದು ದಿನ ಬಿಸಿಲಿಗೆ ಬಿಟ್ಕೊಂಡಿರಬಹುದು ಅಲ್ವಾ ಸಾರ್?"

ಅವನು ಉತ್ತರಕ್ಕಾಗಿ ಕಾಯುತ್ತಿದ್ದ. ಮೇಷ್ಟ್ರು ಗೇಟಿನ ಚಿಲಕ ನೋಡುತ್ತಾ, "ಇರಬಹುದು," ಎಂದರು.

ಆಸ್ಪತ್ರೆಯಲ್ಲಿ ಹೇಳಿದ ಸುಳ್ಳಿಗೆ ಗಾಬರಿಯ ನೆಪವಾದರೂ ಇತ್ತು. ಈ ಒಂದು ಮಾತಿಗೆ ಯಾವ ನೆಪವೂ ಇರಲಿಲ್ಲ. ಅಂದಿನಿಂದ ಅವರಿಗೆ ಊಟ ರುಚಿಸದಾಯಿತು. ಎಡಗೈಯಲ್ಲಿ ತಡವರಿಸುತ್ತ ಅನ್ನ ಕಲಸುವ ಅಕ್ಕನ ಎದುರು ಕೂರಲಾಗದೆ ತಟ್ಟೆ ಎತ್ತಿಕೊಂಡು ಹಜಾರಕ್ಕೆ ಹೋಗುತ್ತಿದ್ದರು. ರಾಜಾಜಿನಗರದ ಕಡೆ ಹೋಗುವುದನ್ನೇ ಬಿಟ್ಟರು. ಒಮ್ಮೆ ಬಸ್ಸಿನಿಂದ ರುದ್ರೇಶನ ಗ್ಯಾರೇಜು ಕಂಡಿತು. ಎಂದೂ ಜಾಗವಿಲ್ಲದ ಆ ಅಂಗಳದಲ್ಲಿ ಎರಡೇ ಗಾಡಿ ನಿಂತಿದ್ದವು, ಅವನು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದ.

ಏಪ್ರಿಲ್ಲಿನಲ್ಲಿ ವಚನಾ ಹಟ ಮಾಡಿ, ಹಳೆ ಬೈಕಿನ ಬದಲು ತಂದೆಗೆ ಗೇರಿಲ್ಲದ ಸ್ಕೂಟರ್ ಕೊಡಿಸಿದಳು. ಮೊದಲ ಭಾನುವಾರ ತಾನೇ ಹಿಂದೆ ಕೂತು ಅಭ್ಯಾಸ ಮಾಡಿಸಲು ಹೊರಟಳು. ವಿಜಯನಗರದ ಸಿಗ್ನಲ್ಲು ಹತ್ತಿರವಾದಾಗ ಮೇಷ್ಟ್ರು ಎಡಗೈಯಲ್ಲಿ ಕ್ಲಚ್ಚೆಂದು ಪೂರ್ತಿ ಹಿಡಿದದ್ದು ಬ್ರೇಕನ್ನು. ಸ್ಕೂಟರ್ ಇದ್ದಲ್ಲೇ ಕುಕ್ಕರಿಸಿತು. ಹಿಂದಿನ ಆಟೋದವನು ಒಂದೇ ಗೇಣು ದೂರದಲ್ಲಿ ನಿಲ್ಲಿಸಿ, "ಯಾಕೆ ಸಾರ್, ಮನೇಲಿ ಹೇಳಿ ಬಂದಿದೀರಾ?" ಎಂದ.

ವಚನಾ ಅವನಿಗೆ ಕೈಮುಗಿದಳು. ಸಿಗ್ನಲ್ಲು ದಾಟಿದ ಮೇಲೆ ಬಗ್ಗಿ ನೋಡಿ ನಗತೊಡಗಿದಳು. "ಅಪ್ಪಾಜಿ, ನಿಮ್ಮ ಎಡಗಾಲು ನೋಡಿ. ಮುಂದಕ್ಕೆ ಒತ್ತುತ್ತಾನೇ ಇದೆ. ಅಲ್ಲಿ ಗೇರೇ ಇಲ್ಲ."

ಮೇಷ್ಟ್ರು ಸ್ಕೂಟರನ್ನು ರಸ್ತೆ ಪಕ್ಕದ ಹೊಂಗೆಮರದ ಕೆಳಗೆ ನಿಲ್ಲಿಸಿ ಇಳಿದರು. ಹೆಲ್ಮೆಟ್ ತೆಗೆಯಲಿಲ್ಲ.

"ಆವತ್ತೂ ಹೀಗೇ ಒತ್ತಿದೆ," ಎಂದರು. "ನಿನ್ನ ಗಾಡೀಲೂ. ಇಂಡಿಕೇಟರು ಸರಿಯಾಗೇ ತೋರಿಸ್ತು ವಚನಾ. ಮೂರು ಹೋಗಿ ಎರಡು ಬಂತು, ನಾನು ನೋಡಿದೆ. ನೋಡಿ ಇನ್ನೊಂದು ಸಲ ಒತ್ತಿದೆ."

ಅವಳ ನಗು ನಿಂತಿತು. "ರುದ್ರೇಶಣ್ಣಂಗೆ ನಾನು ಏನೇನಂದೆ ಗೊತ್ತಾ ನಿಮಗೆ?" ಎಂದಳು.

"ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

ಅವರು ತಲೆಯಾಡಿಸಿದರು. ವಚನಾ ಸ್ಕೂಟರಿನ ಕೀ ಕಿತ್ತುಕೊಂಡು, "ಹಿಂದೆ ಕೂತ್ಕೊಳ್ಳಿ," ಎಂದಳು. ನೇರ ರಾಜಾಜಿನಗರಕ್ಕೆ ಓಡಿಸಿದಳು.

ರುದ್ರೇಶ ಯಾರದೋ ಸ್ಕೂಟರಿನ ಚಕ್ರ ಬಿಚ್ಚುತ್ತಿದ್ದ. ಅದರ ಒಡೆಯ ಪಕ್ಕದಲ್ಲೇ ನಿಂತಿದ್ದರು. ಮೇಷ್ಟ್ರು ಅವರ ಎದುರೇ ಎಲ್ಲವನ್ನೂ ಹೇಳಿದರು, ಗೇಟಿನ ಹತ್ತಿರ "ಇರಬಹುದು" ಎಂದದ್ದನ್ನೂ ಸೇರಿಸಿ. ರುದ್ರೇಶ ಸ್ಪ್ಯಾನರ್ ಕೆಳಗಿಟ್ಟ. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಹಂಗಾದ್ರೆ ನನ್ನ ವೈರಿಂಗ್ ಸರಿ ಇತ್ತು," ಎಂದ.

"ಸರಿ ಇತ್ತಪ್ಪ."

"ಎರಡು ತಿಂಗಳು ಸಾರ್. ನಾನು ಯಾವ ಗಾಡಿ ವೈರ್ ಮುಟ್ಟಿದ್ರೂ ಮೂರು ಸಲ ಬಿಚ್ಚಿ ನೋಡ್ತಿದ್ದೆ. ಆ ಕೆಲಸಾನೇ ಬಿಟ್ಬಿಟ್ಟೆ." ಅವನ ದನಿ ಏರಲಿಲ್ಲ. "ನೀವು ಕ್ಷಮೆ ಕೇಳೋದು ಬ್ಯಾಡ. ಮೇಡಂ ಗ್ರೂಪಲ್ಲಿ ಹಾಕಿದ್ರಲ್ಲ, ಅಲ್ಲೇ ಬರೀರಿ. ನಿಮ್ಮ ಹೆಸರಲ್ಲಿ ಬರೀರಿ."

ಅಲ್ಲೇ ಮರದ ಬೆಂಚಿನ ಮೇಲೆ ಕೂತು ಮೇಷ್ಟ್ರು ಫೋನಿನಲ್ಲಿ ಬರೆದರು. ಮಗಳ ಸಹಾಯ ಕೇಳಲಿಲ್ಲ. ತಪ್ಪು ತಮ್ಮ ಕಾಲಿನದು, ಸುಳ್ಳು ತಮ್ಮ ಬಾಯಿಯದು, ರುದ್ರೇಶನ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ, ಮಗಳು ತನ್ನನ್ನು ನಂಬಿ ಬರೆದಳು ಎಂದು ಆರು ಸಾಲು. ಕಳಿಸಿದ ಮೇಲೆ ಫೋನನ್ನು ರುದ್ರೇಶನಿಗೆ ಓದಲು ಕೊಟ್ಟರು. ಅವನು ಎರಡು ಸಲ ಓದಿ ಹಿಂದಕ್ಕೆ ಕೊಟ್ಟ.

ಮನೆಯಲ್ಲಿ ಅಕ್ಕನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಕಲ್ಯಾಣಮ್ಮ ಪೂರ್ತಿ ಕೇಳಿದರು. "ಬಿದ್ದದ್ದಕ್ಕ ನಾ ಏನೂ ಅನ್ನಲ್ಲ ಭೂಷಣ," ಎಂದರು. "ಕಾಲು ತಪ್ಪತೈತಿ. ಆದ್ರ ಮನಿ ಬಾಗಿಲಿಗೆ ಬಂದವನ ಎಳನೀರು ತಿರುಗಿ ಕಳಿಸಿದೆ ನಾನು. ನೀನು ಅಲ್ಲೇ ಕೂತಿದ್ದಿ, ಪೇಪರ್ ಹಿಡ್ಕೊಂಡು." ಆಮೇಲೆ ನಾಲ್ಕು ದಿನ ತಮ್ಮನ ಜೊತೆ ಮಾತಾಡಲಿಲ್ಲ. ಐದನೆಯ ದಿನ ವಚನಾಳ ಜೊತೆ ಆಟೋದಲ್ಲಿ ಗ್ಯಾರೇಜಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೆಂದು ಅವರೂ ಹೇಳಲಿಲ್ಲ, ಮೇಷ್ಟ್ರೂ ಕೇಳಲಿಲ್ಲ.

ಗುಂಪಿನಲ್ಲಿ ಕೆಲವರು ಮೇಷ್ಟ್ರನ್ನು ಹೊಗಳಿದರು, ಒಬ್ಬರು ಇಂಥವರು ಮಕ್ಕಳಿಗೆ ಏನು ಕಲಿಸುತ್ತಾರೆ ಎಂದು ಬರೆದರು. ಆ ಮಾತನ್ನು ಮೇಷ್ಟ್ರು ಅಳಿಸಲು ಹೇಳಲಿಲ್ಲ. ಗ್ಯಾರೇಜಿಗೆ ಗಾಡಿಗಳು ನಿಧಾನವಾಗಿ ಮರಳಿದವು, ಎಲ್ಲವೂ ಅಲ್ಲ. ವಚನಾ ತನ್ನ ಬೈಕಿನ ಇಂಡಿಕೇಟರನ್ನು ಮತ್ತೆ ರುದ್ರೇಶನ ಕೈಯಿಂದಲೇ ಹಾಕಿಸಿಕೊಂಡಳು. ಅವಳ ಜೊತೆ ಅವನು ಮೊದಲಿನಂತೆ ಹರಟುತ್ತಾನೆ.

ಮೇಷ್ಟ್ರು ಈಗಲೂ ಸರ್ವಿಸಿಗೆ ಅಲ್ಲಿಗೇ ಹೋಗುತ್ತಾರೆ. ಮೊದಲೆಲ್ಲ ಹೋದಾಗ ಟೀ ತರಿಸಿ ಕೂರಿಸುತ್ತಿದ್ದ ರುದ್ರೇಶ ಈಗ ಸ್ಕೂಟರನ್ನು ಒಂದು ಸುತ್ತು ನೋಡಿ, "ಸಂಜೆ ಬನ್ನಿ ಸಾರ್," ಎಂದಷ್ಟೇ ಹೇಳಿ ಕೆಲಸಕ್ಕೆ ಬಗ್ಗುತ್ತಾನೆ. ಮೇಷ್ಟ್ರು "ಆಗಲಪ್ಪ" ಎಂದು ಬಸ್ ಸ್ಟಾಪಿನ ಕಡೆ ನಡೆಯುತ್ತಾರೆ.