ವಾಲಿದ ಕಂಬ

ಬೇಸಿಗೆ ಎಂಬುದು ಹೆಸರಿಗಷ್ಟೇ. ಆ ವರ್ಷ ಮಳೆ ಹಿಡಿದ ಹಠ ಬಿಡಲಿಲ್ಲ. ಬೆಟ್ಟಗುಡ್ಡಗಳ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದ ತಮ್ಮ, ರಜೆಯಲ್ಲಿದ್ದ ಅಕ್ಕನನ್ನು ಪುಸಲಾಯಿಸಿ ಅವಳ ಕಾರಿನಲ್ಲೇ ಊರೂರು ಸುತ್ತುತ್ತಿದ್ದ. ಹೋದಲ್ಲೆಲ್ಲ ಮಂಜು, ಒದ್ದೆ ಸಾಕ್ಸು, ಬೂಷ್ಟು ವಾಸನೆಯ ಲಾಡ್ಜು. ಅಂದು ಬೆಳಿಗ್ಗೆ ಇಬ್ಬರಿಗೂ ಜಗಳವೇ ಆಗಿಹೋಯಿತು.

"ನಿನ್ನ ಮೋಡ ಸರಿಯೋವರೆಗೂ ನಾನು ಕಾರಲ್ಲೇ ಮಲಗಿರ್ತೀನಿ. ಫೋನ್ ಗೀನ್ ಮಾಡಿ ತಲೆ ತಿನ್ನಬೇಡ," ಎಂದಳು ಅಕ್ಕ.

ಕಾರು ಬೆಟ್ಟದ ಬುಡದ ರಸ್ತೆಯಂಚಿನಲ್ಲಿ ನಿಂತಿತ್ತು. ತಮ್ಮ ಸೇತುವೆ ದಾಟಿ, ಹಳ್ಳದಾಚೆಯ ದಿಬ್ಬದ ಮೇಲೆ ಸ್ಟ್ಯಾಂಡ್ ಊರಿ, ಛತ್ರಿಯನ್ನು ಕ್ಯಾಮೆರಾಕ್ಕೆ ಹಿಡಿದು ತಾನು ನೆನೆಯುತ್ತಿದ್ದ. ಕ್ಯಾಮೆರಾ ಅಲುಗಿಸದೆ ಆಗಾಗ ಅದೇ ಬೆಟ್ಟದ ಫೋಟೋ ತೆಗೆಯುತ್ತಿದ್ದ. ಹೊತ್ತು ಹೋಗದೆ, ತೆಗೆದವನ್ನೇ ಪರದೆಯ ಮೇಲೆ ಹಿಂದೆ ಮುಂದೆ ಸರಿಸಿ ನೋಡಿದ. ಏನೋ ಅಲುಗಿದಂತಾಯಿತು. ಮತ್ತೆ ಸರಿಸಿದ. ಕಾರಿನ ಮೇಲ್ಗಡೆ, ಇಳಿಜಾರಿನಲ್ಲಿದ್ದ ಕರೆಂಟು ಕಂಬ ಮೊದಲ ಫೋಟೋದಲ್ಲಿ ನೆಟ್ಟಗಿತ್ತು, ಈಗಿನದರಲ್ಲಿ ವಾಲಿತ್ತು. ಪಕ್ಕದ ಮರಗಳೂ ವಾಲಿದ್ದವು.

ಗುಡ್ಡವೇ ಜಾರುತ್ತಿದೆ!

ಅಕ್ಕನಿಗೆ ಫೋನ್ ಮಾಡಿದ. ಕಟ್ ಮಾಡಿದಳು. ಮತ್ತೆ ಮಾಡಿದ, ಮತ್ತೆ ಕಟ್. ಛತ್ರಿ ಬಿಸಾಡಿ ಓಡಿದ. ಕೆಸರಿನಲ್ಲಿ ಜಾರಿ ಬಿದ್ದ, ಎದ್ದ, ಓಡುತ್ತಲೇ ಇನ್ನೊಮ್ಮೆ ಒತ್ತಿದ.

"ಏನೋ ನಿಂದು ಗೋಳು?"

"ಅಕ್ಕಾ, ಇಳಿ! ಗುಡ್ಡ ಕುಸೀತಿದೆ! ಸೇತುವೆ ಕಡೆ ಓಡು!"

"ತಡಿಯೋ, ಚಪ್ಪಲಿ ಎಲ್ಲಿ ಹೋಯ್ತೋ..."

"ಚಪ್ಪಲಿ ಹಾಳಾಗ್ಲಿ! ನಿನ್ನ ಕಾಲಿಗೆ ಬೀಳ್ತೀನಿ, ಓಡೇ!"

ಎಂದೂ ತನ್ನೆದುರು ತಗ್ಗದ ತಮ್ಮನ ದನಿ ಹೀಗೆ ಒಡೆದದ್ದನ್ನು ಅವಳು ಕೇಳಿರಲೇ ಇಲ್ಲ. ಕಾರಿನ ಬಾಗಿಲು ತೆರೆಯಿತು. ಬರಿಗಾಲಲ್ಲೇ ಓಡಿಬಂದಳು. ಅವಳು ಸೇತುವೆಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ನೆಲವೇ ನರಳಿದಂಥ ಸದ್ದು. ಮರ, ಕಲ್ಲು, ಮಣ್ಣು ಒಟ್ಟೊಟ್ಟಿಗೆ ಇಳಿದು ರಸ್ತೆಯನ್ನೇ ನುಂಗಿದವು. ಕಾರಿದ್ದ ಜಾಗದಲ್ಲಿ ಬರೀ ಕೆಂಪು ರಾಡಿ.

ಸೇತುವೆಯ ನಡುವೆ ಇಬ್ಬರೂ ಢಿಕ್ಕಿ ಹೊಡೆದಂತೆ ತಬ್ಬಿಕೊಂಡರು. ಅಕ್ಕ ಬಿಡಿಸಿಕೊಂಡು ಅವನ ಬೆನ್ನಿಗೊಂದು ಗುದ್ದಿದಳು, ಮತ್ತೆ ತಬ್ಬಿದಳು.

ಅಷ್ಟರಲ್ಲಿ ದಿಬ್ಬದ ಕಡೆಯ ತಿರುವಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವನು ತಿರುಗಿ ನೋಡುವಷ್ಟರಲ್ಲಿ ಅಕ್ಕ ಜಾಕೆಟ್ ಕಳಚಿ ಜೋರಾಗಿ ಬೀಸುತ್ತ ರಸ್ತೆಯ ನಡುವೆ ಹೋಗಿ ನಿಂತಳು. ಬಸ್ಸು ಕಿರ್ರೆಂದು ಅವಳ ಮುಂದೆಯೇ ನಿಂತಿತು. ಬೈಯಲೆಂದು ಕಿಟಕಿಯಿಂದ ತಲೆ ಹೊರಹಾಕಿದ ಡ್ರೈವರ್, ಎದುರಿನ ಗುಡ್ಡ ನೋಡಿ ತೆರೆದ ಬಾಯಿ ಹಾಗೇ ಮುಚ್ಚಿದ.