ಭೀಮವ್ವನ ಸೆರಗಿನ ಕಾವು

ವಡ್ಡು ಊರಿನಲ್ಲಿ ಕಣ್ಣು ಕೆಂಪಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಿರಿನ ಲಾರಿ ಹಾದುಹೋದರೆ ಬೇವಿನ ಎಲೆ, ಎಮ್ಮೆಯ ಬೆನ್ನು, ಒಗೆದು ಹಾಕಿದ ಪಂಚೆ ಎಲ್ಲವೂ ಕೆಂಪಾಗುವ ಊರಿನಲ್ಲಿ ಕಣ್ಣು ಮಾತ್ರ ಬೆಳ್ಳಗಿರುತ್ತದೆಯೇ? ಧೂಳು ಬಿತ್ತು ಎನ್ನುತ್ತಾರೆ, ಸೀದಾ ಭೀಮವ್ವನ ಮನೆಗೆ ಬರುತ್ತಾರೆ.

ಭೀಮವ್ವ ಸೆರಗಿನ ತುದಿಯನ್ನು ಉಂಡೆ ಮಾಡಿ, ಅದಕ್ಕೆ ಬಿಸಿ ಉಸಿರು ಊದಿ, ಕಣ್ಣಿನ ಮೇಲೆ ಒತ್ತಿ ಹಿಡಿಯುತ್ತಿದ್ದಳು. ಹಿತವಾಗುತ್ತಿತ್ತು, ಸುಳ್ಳಲ್ಲ. ಓಣಿಯ ಅರ್ಧ ಜನ ಆ ಕಾವಿನಲ್ಲಿ ಬೆಳೆದವರೇ. ಇದಕ್ಕೆ ಅವಳು ಯಾರಿಂದಲೂ ಏನೂ ಕೇಳಿದವಳಲ್ಲ. ಆದರೆ ಸೆರಗಿನ ಬಗ್ಗೆ ಹಗುರವಾಗಿ ಮಾತಾಡಿದರೆ ಸಹಿಸುವವಳೂ ಅಲ್ಲ.

ಆ ವಾರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಫ್ಯಾಕ್ಟರಿಗೆ ಹೋಗುವ ಮಗ ದುರುಗೇಶ್ ಕಣ್ಣು ಕೆಂಡದಂತೆ ಮಾಡಿಕೊಂಡು ಬಂದ. ಕಾವು ಕೊಟ್ಟಳು. ಪಕ್ಕದ ಮನೆಯ ತಾಯಕ್ಕ ಕಸ ಬಿತ್ತೆಂದು ಬಂದಳು, ಅದೇ ಸೆರಗಿನಿಂದ ಅವಳಿಗೂ ಒತ್ತಿದಳು. ತಾಯಕ್ಕನ ಕಣ್ಣು ಊದಿಕೊಂಡಿತು. ಆಮೇಲೆ ಭೀಮವ್ವನ ಎಡಗಣ್ಣಿನಲ್ಲೇ ಮರಳು ಬಿದ್ದಂಥ ಉರಿ ಶುರುವಾಯಿತು. ದುರುಗೇಶ್ ಕಪ್ಪು ಕನ್ನಡಕ ಏರಿಸಿ, ನೋಡಿದರೆ ತಾನೇ ಅಂಟುವುದು, ಇನ್ನು ಚಿಂತೆಯಿಲ್ಲ ಎಂದು ಮನೆಮಂದಿಯ ಟವೆಲಿನಲ್ಲೇ ಮುಖ ಒರೆಸಿಕೊಂಡು ತಿರುಗಾಡಿದ.

ಒಳಕೋಣೆಯಲ್ಲಿ ಬಾಣಂತನಕ್ಕೆ ಬಂದ ಮಗಳು ರೇಣುಕಾದೇವಿ ಇದ್ದಳು. ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಡದ ಕೂಸು. ಭೀಮವ್ವ ಕೂಸನ್ನು ಎತ್ತಿಕೊಂಡು ನೋಡಿ ಹೊರಗೆ ಬರುವಳು, ಮತ್ತೆ ಒಳಗೆ ಹೋಗುವಳು. ಏನೋ ಸರಿಯಿಲ್ಲ ಎಂದು ಕರುಳು ಹೇಳುತ್ತಿತ್ತು. ಏನೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೂಸಿನ ಕಣ್ಣುರೆಪ್ಪೆ ಗೀಜಿನಿಂದ ಅಂಟಿಕೊಂಡಿತ್ತು. ಕಣ್ಣು ಬಿಡಲಾಗದೆ ಅದು ಚೀರುತ್ತಿತ್ತು. ಭೀಮವ್ವ ಗಾಬರಿಯಿಂದ ಸೆರಗು ಉಂಡೆ ಮಾಡಿ ಉಸಿರು ಊದುವಷ್ಟರಲ್ಲಿ ಯಶೋಧರಾ ಒಳಗೆ ಬಂದಳು. ಅದೇ ಓಣಿಯ ಹುಡುಗಿ, ಊರಿನ ಆರೋಗ್ಯ ಉಪಕೇಂದ್ರದ ನರ್ಸ್. ಬಾಣಂತಿಯನ್ನು ನೋಡಿಹೋಗಲು ಬಂದಿದ್ದಳು.

“ದೊಡ್ಡವ್ವ, ಆ ಸೆರಗು ಕೂಸಿಗೆ ಮುಟ್ಟಿಸಬ್ಯಾಡ.”

“ಯಾಕ? ನಿನ್ನ ಕಣ್ಣಿಗೂ ಹಿಂಗ ಒತ್ತೀನಿ. ಈಗ ಓದಿದಾಕಿ ಆದಿ ಅಂತ ನನ್ನ ಸೆರಗು ಹೊಲಸಾತೇನು?”

ಯಶೋಧರಾ ಸಿಟ್ಟಾಗಲಿಲ್ಲ. ಈ ವಾರ ಯಾರ್ಯಾರಿಗೆ ಕಾವು ಕೊಟ್ಟೆ ಎಂದಷ್ಟೇ ಕೇಳಿದಳು. ಭೀಮವ್ವ ಬಿರುಸಾಗಿಯೇ ಹೇಳತೊಡಗಿದಳು. ದುರುಗೇಶನಿಗೆ, ತಾಯಕ್ಕನಿಗೆ, ಆಮೇಲೆ ತನ್ನ ಕಣ್ಣಿಗೆ. ಹೇಳುತ್ತ ಹೇಳುತ್ತ ದನಿ ಇಳಿಯಿತು. ಸೆರಗು ಹೋದ ಕಡೆಗೆಲ್ಲ ಬೇನೆಯೂ ಹೋಗಿತ್ತು.

“ಕೂಸಿಗೆ ನಾನ ಹಚ್ಚಿದ್ನೇನವ್ವ?”

“ಸೆರಗೋ, ಟವೆಲ್ಲೋ, ಹಡೆದಾಗ ಬಂದಿದ್ದೋ, ಈಗ ಹೇಳಾಕ ಆಗಲ್ಲ. ಹಸುಗೂಸಿನ ಕಣ್ಣು ದೊಡ್ಡವ್ವ, ತಡ ಮಾಡಿದ್ರ ದೃಷ್ಟಿನ ಹೋಗಬಹುದು. ಈಗ್ಲೇ ಸಂಡೂರ ದವಾಖಾನಿಗೆ ಹೋಗಾನ.”

ದುರುಗೇಶ್ ಆಟೋ ಕರೆದ. ಕೂಸನ್ನು ಎತ್ತಿಕೊಂಡು ಹತ್ತಿದ ರೇಣುಕಾದೇವಿಯ ಹಿಂದೆ ಭೀಮವ್ವನೂ ಹತ್ತಲು ಹೋದಳು. ನಿನ್ನ ಕಣ್ಣು ಸೋರುತ್ತಿದೆ, ಕೂಸಿನ ಹತ್ತಿರ ಬೇಡ ಎಂದು ಯಶೋಧರಾ ಅವಳನ್ನು ಇಳಿಸಿದಳು. ಹಂಗಾರ ಈ ಕನ್ನಡಕ ಸುಮ್ನೇನಾ ಎಂದು ಕೇಳಿದ ದುರುಗೇಶನಿಗೆ ಆಟೋದಿಂದಲೇ ಹೇಳಿದಳು: “ಬಿಸಿಲಿಗೆ ಆರಾಮ, ಅಷ್ಟ. ನೋಡಿದ್ರ ಅಂಟಲ್ಲಪ್ಪ. ಕಣ್ಣು ಮುಟ್ಟಿದ ಕೈಲೆ ಟವೆಲ್ ಮುಟ್ತಿ, ನಳ ಮುಟ್ತಿ, ಕೂಸಿನ್ನ ಎತ್ಕೊಂತಿ, ಹಂಗ ಅಂಟ್ತದ. ಸಬ್ಬು ಹಚ್ಚಿ ಕೈ ತೊಳ್ಕೊ. ನಿನ್ನ ಟವೆಲ್, ದಿಂಬು ಬ್ಯಾರೆ ಇಟ್ಕೊ.”

ಆಮೇಲಿನ ಹೊತ್ತು ಭೀಮವ್ವ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಟವೆಲು, ದಿಂಬಿನ ಚೀಲ, ಉಟ್ಟ ಸೀರೆ ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿದಳು. ಆಟೋ ಸದ್ದಾದರೆ ರಸ್ತೆಗೆ ಓಡಿದಳು. ತಾಯಕ್ಕನ ಮನೆಯ ಬಾಗಿಲಲ್ಲೇ ನಿಂತು, ನನ್ನಿಂದ ಹಿಂಗಾತು, ಯಾರನ್ನೂ ಮುಟ್ಟಬ್ಯಾಡ ತಾಯಿ ಎಂದು ಹೇಳಿ ಬಂದಳು. ಅಷ್ಟು ಹೇಳುವಾಗ ನಾಚಿಕೆಯಿಂದ ಅವಳ ತಲೆ ಮೇಲೇಳಲಿಲ್ಲ.

ಸಂಜೆಗೆ ರೇಣುಕಾದೇವಿ ಬಂದಳು. ಸರಿಯಾದ ಹೊತ್ತಿಗೆ ತಂದಿರಿ, ಹೇಳಿದ ಹಾಗೆ ಔಷಧಿ ಹಾಕಿ ಮತ್ತೆ ತೋರಿಸಿ, ಕಣ್ಣಿಗೆ ಅಪಾಯವಿಲ್ಲ ಎಂದಿದ್ದರು ಡಾಕ್ಟರು. ಕೂಸು ಅರ್ಧ ಕಣ್ಣು ಬಿಟ್ಟು ಅಜ್ಜಿಯ ಕಡೆ ನೋಡಿತು. ಭೀಮವ್ವನ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಮರುಕ್ಷಣ ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ಸರಿದಳು.

“ನನ್ನ ಕಣ್ಣು ನೆಟ್ಟಗಾಗ್ಲಿ, ಆಮ್ಯಾಲ ಎತ್ಕೊಂತೀನಿ,” ಎಂದವಳಿಗೆ ಅಳು ತಡೆಯಲಾಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಕಣ್ಣು ಕೆಂಪಾದರೆ ಧೂಳೆಂದು ಸುಮ್ಮನಿರಬೇಡಿ. ಕಣ್ಣು ಉಜ್ಜಬೇಡಿ, ಕೈಯನ್ನು ಆಗಾಗ ಸಾಬೂನಿನಿಂದ ತೊಳೆಯಿರಿ. ಒಬ್ಬರ ಟವೆಲು, ದಿಂಬು, ಕಾಡಿಗೆ, ಕಣ್ಣಿನ ಹನಿ ಇನ್ನೊಬ್ಬರಿಗೆ ಬೇಡ. ಗೀಜನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಹತ್ತಿ, ಒರೆಸಿದ್ದನ್ನು ಎಸೆದುಬಿಡಿ. ಎದೆಹಾಲು, ಎಲೆಯ ರಸ, ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಬೇಡಿ. ನೋವು ಜಾಸ್ತಿಯಾದರೆ, ಮಂಜಾದರೆ, ಬೆಳಕು ನೋಡಲಾಗದಿದ್ದರೆ ಆಸ್ಪತ್ರೆಗೆ ಹೋಗಿ. ಹಸುಗೂಸಿನ ಕಣ್ಣಾದರೆ ಒಂದು ಗಳಿಗೆಯೂ ಕಾಯಬೇಡಿ. ಮನೆಯಲ್ಲಿ ಕೂಸಿದ್ದರೆ, ನಿಮ್ಮ ಬೇನೆ ವಾಸಿಯಾಗುವವರೆಗೆ ಅದನ್ನು ಎತ್ತಿಕೊಳ್ಳಬೇಡಿ. ಕಷ್ಟವಾಗುತ್ತದೆ, ಭೀಮವ್ವನಿಗೂ ಆಯಿತು. ಆದರೂ ಎತ್ತಿಕೊಳ್ಳಬೇಡಿ.